ಬೆಟ್ಟದ ಕೋರ್ಸಿನಲ್ಲಿ ಚೆಂಡು ಎಲ್ಲಿ ನಿಲ್ಲುತ್ತದೆ?

(ಚಿಕ್ಕಬಳ್ಳಾಪುರದಲ್ಲಿ ಹೊಸ ಗಾಲ್ಫ್ ಆಟಗಾರರು ಮತ್ತು ಕ್ಯಾಡಿ ಕೆಲಸಕ್ಕೆ ಬರುತ್ತಿರುವ ಯುವಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಎರಡು ಥರದವರಿದ್ದೀರಿ. ಬೆಂಗಳೂರಿನ ಕಡೆಯ ಸಮತಟ್ಟು ಕೋರ್ಸುಗಳಲ್ಲಿ ಆಡಿ, ಈಗ ಬೆಟ್ಟದ ಖಾಸಗಿ ಕೋರ್ಸೊಂದರಲ್ಲಿ ಕೈ ನೋಡೋಣ ಅನ್ನುವವರು ಒಂದು ಕಡೆ. ಅಂಥ ಕೋರ್ಸುಗಳಲ್ಲಿ ಬ್ಯಾಗು ಹೊತ್ತು ಆಟಗಾರರಿಗೆ ದಾರಿ ತೋರಿಸುವವರು ಇನ್ನೊಂದು ಕಡೆ. ಇಬ್ಬರಿಗೂ ಹೇಳಬೇಕಾದ್ದು ಒಂದೇ. ಬೆಟ್ಟದಲ್ಲಿ ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಅರ್ಧ ಪ್ರಶ್ನೆ, ಬಿದ್ದ ಮೇಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಉಳಿದರ್ಧ. ಸಮತಟ್ಟು ನೆಲದಲ್ಲಿ ಈ ಎರಡನೆಯ ಅರ್ಧವನ್ನು ಮರೆತರೂ ನಡೆಯುತ್ತದೆ. ಬೆಟ್ಟದಲ್ಲಿ ಮರೆತರೆ ಚೆಂಡು ಕೊರಕಲಿನಲ್ಲಿರುತ್ತದೆ.

ಗಾಲ್ಫ್ ನಮ್ಮ ಕಡೆಗೆ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಕೆ.ಜಿ.ಎಫ್.ನ ಗಣಿಗಾರರೂ ಬ್ರಿಟಿಷರ ಕಾಲದಲ್ಲೇ ಆಡುತ್ತಿದ್ದರು. ಬೆಟ್ಟದ ಕೋರ್ಸುಗಳ ಪರಂಪರೆಯೂ ಹಳೆಯದೇ: ಕೊಡೈಕೆನಾಲ್ 1895ರದ್ದು, ಶಿಲ್ಲಾಂಗ್ 1898ರದ್ದು, ಊಟಿ ಮತ್ತು ಶಿಮ್ಲಾ ಹತ್ತಿರದ ನಾಲ್ದೇಹ್ರಾ ಕೂಡ ಆ ಆಸುಪಾಸಿನವು. ಈಗ ನಂದಿಬೆಟ್ಟದ ತಪ್ಪಲಿಗೇ 18 ಹೋಲಿನ ಕೋರ್ಸ್ ಬಂದಿದೆ (ಮೊದಲ ಹೊಡೆತದ ಜಾಗದಿಂದ ಕುಳಿಯ ತನಕದ ಒಂದೊಂದು ದಾರಿಯೂ ಒಂದು ಹೋಲ್). ಕ್ಯಾಡಿ ಹುಡುಗರಿಗೆ ಒಂದು ಮಾತು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಶುರು ಮಾಡಿದ್ದು ಕ್ಯಾಡಿಯಾಗಿಯೇ. ಹಾಗಾಗಿ ಬ್ಯಾಗು ಹೊರುವವನಿಗೆ ಲೆಕ್ಕ ಯಾಕೆ ಅಂತ ಯಾರೂ ಅಂದುಕೊಳ್ಳಬೇಡಿ.

ಎಲ್ಲರೂ ಮೊದಲು ಎತ್ತುವ ವಿಷಯ ತೆಳುಗಾಳಿಯದು. ಎತ್ತರಕ್ಕೆ ಹೋದಷ್ಟೂ ಗಾಳಿಯ ಸಾಂದ್ರತೆ ಕಡಿಮೆ, ಚೆಂಡಿಗೆ ಅಡ್ಡಿ ಕಡಿಮೆ, ಹಾಗಾಗಿ ದೂರ ಹೋಗುತ್ತದೆ. ನಿಜ. ಆದರೆ ಎಷ್ಟು? ಸ್ಥೂಲವಾಗಿ ಪ್ರತಿ 260 ಮೀಟರ್ ಎತ್ತರಕ್ಕೆ ನೂರಕ್ಕೆ ಒಂದರಷ್ಟು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಮಂಗಳೂರಿನಲ್ಲಿ 150 ಯಾರ್ಡ್ ಹೋಗುವ ಹೊಡೆತ ಇಲ್ಲಿ 155 ಹೋಗುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಆಡಿ ಬಂದವರಿಗೆ ಈ ಐದು ಯಾರ್ಡ್ ಆಗಲೇ ಕೈಗೆ ಕೂತಿರುತ್ತದೆ, ಹೊಸದಾಗಿ ಕಲಿಯಬೇಕಾದ್ದೇನೂ ಇಲ್ಲ. ಸುಮಾರು 2100 ಮೀಟರಿನ ಕೊಡೈಕೆನಾಲಿಗೆ ಹೋದಾಗ ಮಾತ್ರ ಇನ್ನೊಂದು ನಾಲ್ಕೂವರೆ ಪರ್ಸೆಂಟ್ ಸೇರಿಸಿಕೊಳ್ಳಿ, 150 ಯಾರ್ಡಿನ ಐರನ್ (ಚಪ್ಪಟೆ ಲೋಹದ ತಲೆಯ ಕೋಲು) ಹೊಡೆತ 157 ಹೋಗುತ್ತದೆ. ಅಲ್ಲೂ ಬೆಳಗಿನ ಚಳಿಗೆ ಚೆಂಡು ಬಿರುಸಾಗಿ ಹಾರುವುದಿಲ್ಲ, ಲಾಭದ ಒಂದು ಪಾಲು ಅಲ್ಲೇ ಹೋಗುತ್ತದೆ. ತೆಳುಗಾಳಿಯ ಬಗ್ಗೆ ಆಗುವಷ್ಟು ಮಾತು ಅದಕ್ಕೆ ಸಲ್ಲಬೇಕಾದ್ದಲ್ಲ. ಸ್ಕೋರು ಕೆಡಿಸುವುದು ನೆಲದ ಇಳಿಜಾರು.

ಇಳಿಜಾರಿನ ಲೆಕ್ಕಕ್ಕೆ ಬರೋಣ. ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ನಿಮಗಿಂತ ಮೇಲಿದ್ದರೆ ಹೆಚ್ಚು ಹೊಡೆಯಬೇಕು, ಕೆಳಗಿದ್ದರೆ ಕಡಿಮೆ. ಇದು ಎಲ್ಲರಿಗೂ ಗೊತ್ತು. ‘ಒಂದು ಯಾರ್ಡ್ ಎತ್ತರಕ್ಕೆ ಒಂದು ಯಾರ್ಡ್ ದೂರ’ ಅನ್ನುವ ಸೂತ್ರವನ್ನೂ ಕೇಳಿರುತ್ತೀರಿ. ಆ ಸೂತ್ರ 8 ಐರನ್, 9 ಐರನ್‌ಗಳಿಗೆ ಸರಿ, ಯಾಕೆಂದರೆ ಆ ಚೆಂಡುಗಳು ಸುಮಾರು 45 ಡಿಗ್ರಿ ಕೋನದಲ್ಲಿ ಕೆಳಗಿಳಿಯುತ್ತವೆ. ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕೋಲು) ಚೆಂಡು ಇನ್ನೂ ಓರೆಯಾಗಿ, ಸುಮಾರು 35 ಡಿಗ್ರಿಯಲ್ಲಿ ಇಳಿಯುತ್ತದೆ. ಹಾಗಾಗಿ ಅದಕ್ಕೆ ಒಂದು ಯಾರ್ಡ್ ಎತ್ತರದ ವ್ಯತ್ಯಾಸ ಅಂದರೆ ಸುಮಾರು 1.4 ಯಾರ್ಡ್ ದೂರ. ಚೆಂಡನ್ನು ಎತ್ತರಕ್ಕೆ ಹಾರಿಸಿ ಕಡಿದಾಗಿ ಬೀಳಿಸುವ ಕೋಲಾದ ವೆಡ್ಜ್‌ಗೆ 0.8 ಯಾರ್ಡ್ ಮಾತ್ರ. 20 ಯಾರ್ಡ್ ಎತ್ತರದ ಟೀಯಿಂದ (ಹೋಲಿನ ಮೊದಲ ಹೊಡೆತದ ಜಾಗ) ಡ್ರೈವರ್ ಹೊಡೆದರೆ 28 ಯಾರ್ಡ್ ಹೆಚ್ಚು ಹಾರುತ್ತದೆ, ಅದೇ ಎತ್ತರದಿಂದ ವೆಡ್ಜ್ ಹೊಡೆದರೆ 16 ಯಾರ್ಡ್. ಎಲ್ಲ ಕ್ಲಬ್‌ಗೂ (ಹೊಡೆಯುವ ಕೋಲಿಗೂ) ಒಂದೇ ಸೂತ್ರ ಹಿಡಿದವರು ಉದ್ದದ ಹೊಡೆತಗಳಲ್ಲಿ ಎಡವುವುದು ಇಲ್ಲಿಯೇ.

ಇನ್ನೊಂದು ಸೂಕ್ಷ್ಮ. ಮೇಲಿನ ಗ್ರೀನಿಗೆ ಹೊಡೆದ ಚೆಂಡು ಪೂರ್ತಿ ಇಳಿಯುವ ಮುಂಚೆಯೇ ನೆಲ ಎದುರಾಗುತ್ತದೆ. ಹಾಗಾಗಿ ಅದು ಓರೆಯಾಗಿ ಬಿದ್ದು ಮುಂದಕ್ಕೆ ಓಡುತ್ತದೆ. ಕೆಳಗಿನ ಗ್ರೀನಿಗೆ ಹೊಡೆದದ್ದು ಕಡಿದಾಗಿ ಬೀಳುತ್ತದೆ, ಬೇಗ ನಿಲ್ಲುತ್ತದೆ. ಆದರೆ ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ನಿಮ್ಮ ಸ್ಲೈಸ್ (ಬಲಗೈಯವರಿಗೆ ಬಲಕ್ಕೆ ತಿರುಗುವುದು) ಆಗಲಿ ಹುಕ್ (ಎಡಕ್ಕೆ ತಿರುಗುವುದು) ಆಗಲಿ ಇನ್ನಷ್ಟು ದೊಡ್ಡದಾಗುತ್ತದೆ. ಎತ್ತರದ ಟೀಯಲ್ಲಿ ನಿಂತು ಕಣಿವೆ ನೋಡಿದಾಗ ಜೋರಾಗಿ ಬಾರಿಸುವ ಆಸೆ ಬರುತ್ತದಲ್ಲ, ಸ್ಲೈಸ್ ಹೊಡೆಯುವವರು ಆ ಆಸೆಗೆ ಮೊದಲು ಬೇಲಿ ಹಾಕಬೇಕು.

ಎತ್ತರದ ವ್ಯತ್ಯಾಸ ಗೊತ್ತಾಗುವುದು ಹೇಗೆ? ಸ್ಕೋರ್ ಕಾರ್ಡಿನಲ್ಲಿ ಅದು ಇರುವುದಿಲ್ಲ. ದೂರದ ಜೊತೆಗೆ ಇಳಿಜಾರನ್ನೂ ಅಳೆದು ತೋರಿಸುವ ರೇಂಜ್‌ಫೈಂಡರ್ ಎಂಬ ಸಾಧನಗಳಿವೆ, ಆದರೆ ಸ್ಪರ್ಧೆಯಲ್ಲಿ ಎತ್ತರದ ವ್ಯತ್ಯಾಸ ಅಳೆಯುವುದನ್ನು ನಿಯಮ 4.3 ಬಿಡುವುದಿಲ್ಲ. ಮೊದಲ ಸಲಕ್ಕೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಪೆನಾಲ್ಟಿ ಸ್ಟ್ರೋಕ್, ಎರಡನೆಯ ಸಲಕ್ಕೆ ಅನರ್ಹತೆ. ಇಳಿಜಾರಿನ ಸ್ವಿಚ್ಚನ್ನು ಆಫ್ ಮಾಡಿ ಬರಿಯ ದೂರ ಮಾತ್ರ ಅಳೆಯಿರಿ. ಹಿಂದಿನ ಸಂಜೆಯೇ ಗೂಗಲ್ ಅರ್ಥ್‌ನಲ್ಲಿ ಪ್ರತಿ ಟೀ, ಪ್ರತಿ ಗ್ರೀನಿನ ಎತ್ತರ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅದಕ್ಕೆ ಅಡ್ಡಿಯಿಲ್ಲ. ಒಂದೆರಡು ಮೀಟರ್ ಹೆಚ್ಚುಕಮ್ಮಿ ಇದ್ದೀತು, ಕಣ್ಣಂದಾಜಿಗಿಂತ ವಾಸಿ. ಮೈದಾನದಲ್ಲಿ ನಿಂತಾಗ ಬಾವುಟದ ಕೋಲನ್ನು ಅಳತೆಗೋಲು ಮಾಡಿಕೊಳ್ಳಿ, ಅದು ಸಾಮಾನ್ಯವಾಗಿ 7 ಅಡಿ ಇರುತ್ತದೆ. ನಿಮ್ಮ ಕಣ್ಣಿನ ಮಟ್ಟದಿಂದ ಗ್ರೀನಿನ ತನಕ ಎಷ್ಟು ಕೋಲು ಹಿಡಿಸುತ್ತದೆ ಅಂತ ಎಣಿಸಿ.

ಈಗ ನಿಲುವಿನ ವಿಷಯ. ಬೆಟ್ಟದ ಕೋರ್ಸಿನಲ್ಲಿ ಟೀ ಬಿಟ್ಟರೆ ಕಾಲು ಸಮನಾಗಿ ಊರುವ ಜಾಗ ಸಿಗುವುದೇ ಅಪರೂಪ. ಮುಂದೆ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ದಿಕ್ಕನ್ನು ತಿರುಗಿಸಿಕೊಳ್ಳಿ.

ಚೆಂಡು ಪಾದಕ್ಕಿಂತ ಮೇಲಿದ್ದರೆ ಅದು ಎಡಕ್ಕೆ ಹೋಗುತ್ತದೆ. ಯಾಕೆ ಅಂತ ತಿಳಿದುಕೊಂಡರೆ ಎಷ್ಟು ಅನ್ನುವುದೂ ತಿಳಿಯುತ್ತದೆ. ಕ್ಲಬ್ಬಿನ ಮುಖಕ್ಕೆ ಹಿಂದಕ್ಕೆ ವಾಲಿದ ಒಂದು ಓರೆ ಇದೆ, ಅದೇ ಲಾಫ್ಟ್. ಇಳಿಜಾರಿಗೆ ಹೊಂದಿಕೊಂಡು ಕ್ಲಬ್ಬನ್ನು ಪಕ್ಕಕ್ಕೆ ವಾಲಿಸಿದಾಗ ಆ ಓರೆಯ ಒಂದು ಭಾಗ ಎಡಕ್ಕೆ ನೋಡತೊಡಗುತ್ತದೆ. ಲಾಫ್ಟ್ ಹೆಚ್ಚಿದ್ದಷ್ಟೂ ಎಡಕ್ಕೆ ತಿರುಗುವುದೂ ಹೆಚ್ಚು. 5 ಡಿಗ್ರಿ ಇಳಿಜಾರು ಅಂದರೆ ಒಂದು ಮೀಟರಿಗೆ ಒಂಬತ್ತು ಸೆಂಟಿಮೀಟರ್ ಏರು, ಕಣ್ಣಿಗೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಅಲ್ಲಿ 46 ಡಿಗ್ರಿಯ ಪಿಚಿಂಗ್ ವೆಡ್ಜ್ ಸುಮಾರು 5 ಡಿಗ್ರಿ ಎಡಕ್ಕೆ ನೋಡುತ್ತದೆ. 100 ಯಾರ್ಡ್ ಹೊಡೆತದಲ್ಲಿ ಅದು 9 ಯಾರ್ಡ್. 28 ಡಿಗ್ರಿಯ ಐರನ್ ಆದರೆ ಎರಡೂವರೆ ಡಿಗ್ರಿಯಷ್ಟು ಮಾತ್ರ. ‘ಸಣ್ಣ ಹೊಡೆತ ತಾನೆ, ನೇರ ಬಾವುಟಕ್ಕೇ ಹೊಡೆಯೋಣ’ ಅನ್ನುವವರ ಚೆಂಡು ಗ್ರೀನಿನ ಎಡಬದಿಯ ಬಂಕರಿನಲ್ಲಿ (ಮರಳು ಗುಂಡಿಯಲ್ಲಿ) ಇರುವುದು ಇದಕ್ಕೇ. ಇಂಥ ಕಡೆ ಹಿಡಿಯನ್ನು ಒಂದೆರಡು ಅಂಗುಲ ಕೆಳಗೆ ಹಿಡಿಯಿರಿ, ಯಾಕೆಂದರೆ ಚೆಂಡು ನಿಮಗೆ ಹತ್ತಿರವಾಗಿದೆ. ಬೆನ್ನು ತುಸು ನೆಟ್ಟಗಿರಲಿ. ಬಲಕ್ಕೆ ಗುರಿಯಿಡಿ. ಹಿಡಿ ಕೆಳಗಿಳಿಸದೆ ಹೊಡೆದರೆ ಕ್ಲಬ್ ಚೆಂಡಿನ ಹಿಂದಿನ ಮಣ್ಣಿಗೆ ಬಡಿಯುತ್ತದೆ.

ಚೆಂಡು ಪಾದಕ್ಕಿಂತ ಕೆಳಗಿದ್ದರೆ ಇದಕ್ಕೆ ತದ್ವಿರುದ್ಧ, ಬಲಕ್ಕೆ ಹೋಗುತ್ತದೆ. ನಾಲ್ಕು ನಿಲುವುಗಳಲ್ಲಿ ಕಷ್ಟದ್ದು ಇದೇ. ಕಾಲು ಅಗಲಿಸಿ, ಸೊಂಟದಿಂದ ಬಾಗಿ, ಮಂಡಿ ಮಡಿಸಿ, ಹೊಡೆತ ಮುಗಿಯುವ ತನಕ ಆ ಮಟ್ಟದಲ್ಲೇ ಇರಬೇಕು. ಹೊಡೆಯುವ ಗಳಿಗೆಯಲ್ಲಿ ಮೈ ಮೇಲೆದ್ದರೆ ಚೆಂಡಿನ ತಲೆ ಸವರಿ ಹೋಗುತ್ತದೆ. ಹತ್ತರಲ್ಲಿ ಎಂಟು ಸಲ ಆಗುವ ತಪ್ಪು ಇದು ಅಂದರೆ ಕ್ಯಾಡಿಗಳು ತಲೆಯಾಡಿಸುತ್ತಾರೆ. ಪೂರಾ ಜೋರಿನಲ್ಲಿ ಬೀಸಿದರೆ ಮೈ ಮುಂದಕ್ಕೆ ವಾಲುತ್ತದೆ. ಅದಕ್ಕೆ ಒಂದು ಕ್ಲಬ್ ಹೆಚ್ಚು (ಇನ್ನಷ್ಟು ದೂರ ಹೊಡೆಯುವುದು) ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಮಾಡಿ.

ಏರು ನಿಲುವಿನಲ್ಲಿ, ಅಂದರೆ ಎಡಗಾಲು ಮೇಲಿದ್ದಾಗ, ಭುಜಗಳನ್ನು ಇಳಿಜಾರಿಗೆ ಸಮಾಂತರ ಮಾಡಿ. ಆಗ 5 ಡಿಗ್ರಿ ಏರು ನಿಮ್ಮ ಕ್ಲಬ್ಬಿಗೆ 5 ಡಿಗ್ರಿ ಲಾಫ್ಟ್ ಸೇರಿಸುತ್ತದೆ. ಐರನ್‌ಗಳ ನಡುವಿನ ಅಂತರ ಸುಮಾರು 4 ಡಿಗ್ರಿ, ಹಾಗಾಗಿ 7 ಐರನ್ 8 ಐರನ್ ಥರ ಹಾರುತ್ತದೆ. ಚೆಂಡು ಎತ್ತರಕ್ಕೆ ಹೋಗಿ ಮೋಟಾಗಿ ಬೀಳುತ್ತದೆ, ಸ್ವಲ್ಪ ಎಡಕ್ಕೂ ಎಳೆಯುತ್ತದೆ. ಇಳುಕಲಿನಲ್ಲಿ ಲಾಫ್ಟ್ ಕಡಿಮೆಯಾಗುತ್ತದೆ. ಚೆಂಡು ತಗ್ಗಾಗಿ ಹಾರಿ, ಬಲಕ್ಕೆ ವಾಲಿ, ಬಿದ್ದ ಮೇಲೆ ಓಡುತ್ತದೆ. ಒಂದು ಕ್ಲಬ್ ಕಡಿಮೆ ತೆಗೆದುಕೊಳ್ಳಿ, ಚೆಂಡನ್ನು ನಿಲುವಿನಲ್ಲಿ ಒಂದು ಚೆಂಡಿನಷ್ಟು ಹಿಂದಿಡಿ, ಕ್ಲಬ್ಬನ್ನು ಇಳಿಜಾರಿನ ಗುಂಟ ಕೆಳಕ್ಕೇ ಬಿಡಿ. ಚೆಂಡನ್ನು ಎತ್ತಲು ಹೋಗಬೇಡಿ, ಅದು ಏಳುವಷ್ಟು ಲಾಫ್ಟ್ ಕ್ಲಬ್ಬಿನಲ್ಲಿದೆ. ಇಳುಕಲಿನಲ್ಲಿ ದೂರ ಹೊಡೆಯುವ, ಲಾಫ್ಟ್ ಕಡಿಮೆಯಿರುವ ಫೇರ್‌ವೇ ವುಡ್ ಹಿಡಿಯುವುದು ಬೇಡ. ಏಳದ ಚೆಂಡಿಗೆ ಓಡುವುದೊಂದೇ ಗತಿ.

ಇದನ್ನೆಲ್ಲ ಒಂದು ಹೋಲಿಗೆ ಹಚ್ಚಿ ನೋಡೋಣ. 400 ಯಾರ್ಡಿನ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಟೀ ಫೇರ್‌ವೇಗಿಂತ (ಟೀಗೂ ಗ್ರೀನಿಗೂ ನಡುವೆ ಹುಲ್ಲು ಕತ್ತರಿಸಿದ ಹಾದಿ) 20 ಯಾರ್ಡ್ ಮೇಲೆ. ಫೇರ್‌ವೇ ಎಡದಿಂದ ಬಲಕ್ಕೆ ವಾಲಿದೆ, ಬಲಕ್ಕೆ ಉದ್ದಕ್ಕೂ ಕೊರಕಲು, ಅಂಚಿಗೆ ಪೆನಾಲ್ಟಿ ಜಾಗದ ಗುರುತಾದ ಕೆಂಪು ಗೂಟ. ಟೀಯಿಂದ 245 ಯಾರ್ಡಿಗೆ ಅದೇ ಕೊರಕಲು ಫೇರ್‌ವೇಯನ್ನು ಅಡ್ಡ ಹಾಯುತ್ತದೆ. ಗ್ರೀನ್ ಆಚೆ ಏರಿನಲ್ಲಿ, ಫೇರ್‌ವೇಗಿಂತ 10 ಯಾರ್ಡ್ ಮೇಲೆ. ಆಟಗಾರರ ಡ್ರೈವರ್ ಸಮತಟ್ಟಿನಲ್ಲಿ 210 ಯಾರ್ಡ್ ಹಾರುತ್ತದೆ ಅನ್ನಿ. ಇಲ್ಲಿ 238 ಹಾರುತ್ತದೆ, ಇಳಿಜಾರಿನಲ್ಲಿ ಉರುಳುತ್ತದೆ, 245ರ ಕೊರಕಲಿಗೆ ಹೋಗುತ್ತದೆ. ಆ ದಿನದ ಅತ್ಯುತ್ತಮ ಹೊಡೆತಕ್ಕೆ ಪೆನಾಲ್ಟಿ! ಬದಲಿಗೆ 175 ಯಾರ್ಡ್ ಹಾರುವ ಹೈಬ್ರಿಡ್ (ಐರನ್, ವುಡ್ ಎರಡರ ಗುಣವಿರುವ ಕೋಲು) ತೆಗೆದುಕೊಂಡರೆ 197ಕ್ಕೆ ಬಿದ್ದು 212ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗುರಿ ಫೇರ್‌ವೇಯ ನಡುವಲ್ಲ, ಎಡದ ಅಂಚು. ಎಡ ರಫ್‌ಗೆ (ಫೇರ್‌ವೇ ಪಕ್ಕದ ಎತ್ತರದ ಹುಲ್ಲಿಗೆ) ಒಂದಿಷ್ಟು ಹೋದರೂ ನಷ್ಟವಿಲ್ಲ. ನಡುವಿಗೆ ಬಿದ್ದ ಚೆಂಡು ಹತ್ತು ಹದಿನೈದು ಯಾರ್ಡ್ ಬಲಕ್ಕೆ ಉರುಳಿ ಕೆಂಪು ಗೂಟದ ಹತ್ತಿರ ಹೋಗುತ್ತದೆ.

ಎರಡನೆಯ ಹೊಡೆತಕ್ಕೆ ಬಂದಾಗ ಉಳಿದದ್ದು 188 ಯಾರ್ಡ್, ಏರು ಸೇರಿ ಸುಮಾರು 200. ಚೆಂಡು ಪಾದಕ್ಕಿಂತ ಕೆಳಗಿದೆ, ಬಲಕ್ಕೆ ಹೋಗುವ ನಿಲುವು. ನೆಲವೂ ಬಲಕ್ಕೇ ವಾಲಿದೆ. ಕೊರಕಲೂ ಬಲದಲ್ಲೇ ಇದೆ. ಮೂರೂ ಒಂದೇ ಕಡೆ ಎಳೆಯುವಾಗ 3 ವುಡ್ ಹಿಡಿಯುವುದು ಧೈರ್ಯವಲ್ಲ, ಹುಂಬತನ. ಕೊರಕಲು ದಾಟಿಸಿ, ಗ್ರೀನಿಗೆ 80 ಯಾರ್ಡ್ ಇರುವಂತೆ ಎಡಕ್ಕೆ ಹೊಡೆಯಿರಿ. ಮೂರನೆಯದು ವೆಡ್ಜ್, ಗ್ರೀನಿನ ಮೇಲೆ ಉರುಳಿಸುವ ಎರಡು ಪಟ್, ಐದಕ್ಕೆ ಮುಗಿಯುತ್ತದೆ. ‘ಅಯ್ಯೋ, ಪಾರ್‌ಗಿಂತ ಒಂದು ಹೆಚ್ಚು, ಬೋಗಿ’ ಅನ್ನಬೇಡಿ. ಅದು ಬೋಗಿಯೇ ಅಲ್ಲ ಅನ್ನುವುದು ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತ) ಲೆಕ್ಕ ನೋಡಿದರೆ ತಿಳಿಯುತ್ತದೆ.

2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ಕೋರ್ಸಿಗೂ ಎರಡು ಅಂಕೆ ಇರುತ್ತವೆ. ಕೋರ್ಸ್ ರೇಟಿಂಗ್ ಅನ್ನುವುದು ನುರಿತವರು ಎಷ್ಟರಲ್ಲಿ ಮುಗಿಸುತ್ತಾರೆ ಅನ್ನುವುದು. ಸ್ಲೋಪ್ ರೇಟಿಂಗ್ ಅನ್ನುವುದು ಸಾಧಾರಣ ಆಟಗಾರರಿಗೆ ನುರಿತವರಿಗಿಂತ ಅದು ಎಷ್ಟು ಹೆಚ್ಚು ಕಷ್ಟ ಅನ್ನುವುದು. ಇದು 55ರಿಂದ 155ರ ವರೆಗೆ, ಮಾನಕ ಮಟ್ಟ 113. ಹೆಸರು ಕೇಳಿ ಇದು ಬೆಟ್ಟದ ಇಳಿಜಾರಿನ ಅಳತೆ ಅಂದುಕೊಳ್ಳುವವರಿದ್ದಾರೆ, ಅದಲ್ಲ. ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ, ರೇಟಿಂಗಿನಲ್ಲಿ ಪಾರ್ ಕಳೆದು ಬಂದದ್ದನ್ನು ಸೇರಿಸಿ. ಇಂಡೆಕ್ಸ್ 18.4 ಇದ್ದವರಿಗೆ, ಸ್ಲೋಪ್ 113, ರೇಟಿಂಗ್ 70.5, ಪಾರ್ 72ರ ಸುಲಭದ ಕೋರ್ಸಿನಲ್ಲಿ 17 ಸ್ಟ್ರೋಕ್ ಸಿಗುತ್ತವೆ. ಸ್ಲೋಪ್ 138, ರೇಟಿಂಗ್ 73.2ರ ಕಷ್ಟದ ಕೋರ್ಸಿನಲ್ಲಿ 24. ಅಂದರೆ ಪ್ರತಿ ಹೋಲಿಗೂ ಒಂದು, ಕಷ್ಟದ ಆರು ಹೋಲ್‌ಗಳಿಗೆ ಎರಡೆರಡು. ಈಗ ಹೇಳಿದ ಹೋಲಿನಲ್ಲಿ ಐದು ಹೊಡೆದವರು ತಮ್ಮ ಪಾಲಿನ ಪಾರ್ ಮಾಡಿದಂತೆಯೇ.

ಟೀ ಆರಿಸುವಾಗ ಜಂಬ ಬೇಡ. ನಿಮ್ಮ 5 ಐರನ್ ಹೋಗುವ ದೂರವನ್ನು 36ರಿಂದ ಗುಣಿಸಿ. 150 ಯಾರ್ಡ್ ಆದರೆ 5400. ಅಷ್ಟು ಉದ್ದದ ಟೀಯಿಂದ ಆಡಿದರೆ ಆಟ ಆಟವಾಗಿರುತ್ತದೆ.

ಗ್ರೀನಿಗೆ ಬರೋಣ. ಇಲ್ಲಿ ಕಣ್ಣೇ ಮೋಸ ಮಾಡುತ್ತದೆ. ಹಿಂದೆ ದೊಡ್ಡ ಬೆಟ್ಟವೊಂದು ನಿಂತಿದ್ದಾಗ ಅದರ ಇಳಿಜಾರಿನ ಮುಂದೆ ಗ್ರೀನಿನ ಸಣ್ಣ ಇಳಿಜಾರು ಸಮತಟ್ಟಾಗಿ ಕಾಣುತ್ತದೆ, ಕೆಲವು ಸಲ ಉಲ್ಟಾ ಏರಾಗಿಯೂ ಕಾಣುತ್ತದೆ. ಕ್ಯಾಡಿ ‘ಸಾರ್, ಇದು ಬೆಟ್ಟದಿಂದ ಆಚೆಗೆ ಹೋಗುತ್ತೆ’ ಅಂದರೆ ನಂಬಿ. ನಮ್ಮ ಜಿಲ್ಲೆಯಲ್ಲಿ ಹೊಲಕ್ಕೆ ನೀರು ಕಟ್ಟಿದವರಿಗೆ ಇದನ್ನು ಕಲಿಸಬೇಕಿಲ್ಲ: ಗ್ರೀನಿನ ಮೇಲೆ ನಾಲ್ಕು ಕೊಡ ನೀರು ಸುರಿದರೆ ಎತ್ತ ಹರಿದು ಎಲ್ಲಿ ಆಚೆ ಬೀಳುತ್ತದೆ ಅಂತ ನೋಡಿ, ಚೆಂಡೂ ಅತ್ತಲೇ. ಗ್ರೀನಿಗೆ ನಡೆದು ಬರುವಾಗ 30 ಯಾರ್ಡ್ ದೂರದಿಂದಲೇ ಇದನ್ನು ನೋಡಬೇಕು. ಮೇಲೆ ಹತ್ತಿ ನಿಂತ ಮೇಲೆ ಕಾಣುವುದಿಲ್ಲ. ಆಮೇಲೆ ಕುಳಿಯ ತಗ್ಗಿನ ಬದಿಗೆ ಹೋಗಿ ಕೂತು ನೋಡಿ, ಅಲ್ಲಿಂದ ಇಳಿಜಾರು ಸರಿಯಾಗಿ ಕಾಣುತ್ತದೆ.

ಇಳಿಜಾರಿನ ಬೆಲೆ ಎಷ್ಟು ಅಂತ ಒಂದು ಅಂದಾಜು ಬೇಕಲ್ಲ. ಗ್ರೀನಿನ ವೇಗವನ್ನು ಸ್ಟಿಂಪ್‌ಮೀಟರ್ ಎಂಬ 36 ಅಂಗುಲದ ಪಟ್ಟಿಯಿಂದ ಅಳೆಯುತ್ತಾರೆ. ಅದರಿಂದ ಜಾರಿದ ಚೆಂಡು ಸಮತಟ್ಟಿನಲ್ಲಿ 10 ಅಡಿ ಹೋದರೆ ವೇಗ 10. ಅದೇ ಗ್ರೀನಿನಲ್ಲಿ, ಅದೇ ಜೋರಿನಲ್ಲಿ, ನೂರಕ್ಕೆ 3ರ ಏರಿನಲ್ಲಿ ಚೆಂಡು ಸುಮಾರು 7 ಅಡಿ ಹೋಗುತ್ತದೆ, ನೂರಕ್ಕೆ 3ರ ಇಳುಕಲಿನಲ್ಲಿ 16 ಅಡಿ. ಮೇಲಕ್ಕೆ ಮೂರಡಿ ಕಳೆದುಕೊಂಡರೆ ಕೆಳಕ್ಕೆ ಆರಡಿ ಹೆಚ್ಚು ಹೋಗುತ್ತದೆ, ಗಮನಿಸಿ. ಇಳುಕಲು ನೂರಕ್ಕೆ 8ರ ಹತ್ತಿರ ಬಂದರೆ ಚೆಂಡು ನಿಲ್ಲುವುದೇ ಇಲ್ಲ. ಹಾಗಾಗಿ ಗ್ರೀನಿಗೆ ಹೊಡೆಯುವ ಮುಂಚೆಯೇ ನಿರ್ಧರಿಸಿ: ಬಾವುಟಕ್ಕಿಂತ ತಗ್ಗಿನ ಬದಿಯಲ್ಲಿ 20 ಅಡಿ ದೂರ ಇರುವುದು ಮೇಲಿನ ಬದಿಯಲ್ಲಿ 8 ಅಡಿ ಇರುವುದಕ್ಕಿಂತ ಒಳ್ಳೆಯದು.

ಹುಲ್ಲಿನ ಮಾತು ಸ್ವಲ್ಪ. ನಮ್ಮ ಕಡೆ ಬಹಳ ಕಡೆ ಇರುವುದು ಬರ್ಮುಡಾ, ಅಂದರೆ ಗಣೇಶನಿಗೆ ಏರಿಸುವ ಗರಿಕೆಯ ಜಾತಿಯೇ. ಅದರ ಎಸಳು ಒಂದು ಕಡೆಗೆ ಮಲಗಿ ಬೆಳೆಯುತ್ತದೆ. ನೀವು ನಿಂತ ಕಡೆಯಿಂದ ಹುಲ್ಲು ಹೊಳೆದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಪಟ್ ಜೋರಾಗುತ್ತದೆ. ಮಂಕಾಗಿ ಕಂಡರೆ ನಿಮ್ಮತ್ತ ಮಲಗಿದೆ, ನಿಧಾನ. ಅನುಮಾನವಿದ್ದರೆ ಕುಳಿಯ ಅಂಚು ನೋಡಿ. ಒಂದು ಬದಿ ಚೂಪಾಗಿ, ಇನ್ನೊಂದು ಬದಿ ಸವೆದು ಕಂದಾಗಿರುತ್ತದೆ. ಹುಲ್ಲು ಸವೆದ ಬದಿಗೆ ಮಲಗಿದೆ. ನೀಲಗಿರಿಯಂಥ ತಂಪು ಎತ್ತರಗಳಲ್ಲಿ ಕಿಕುಯು ಹುಲ್ಲು ಸಿಗುತ್ತದೆ. ಅದು ದಪ್ಪ, ಚೆಂಡನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಗ್ರೀನಿನ ಮುಂದೆ ಬೀಳಿಸಿ ಓಡಿಸುವ ಚಿಪ್ ನಡೆಯುವುದಿಲ್ಲ, ಗ್ರೀನಿನ ಮೇಲೇ ಬೀಳಿಸಬೇಕು. ಡಿಸೆಂಬರ್ ಜನವರಿಯ ಬೆಳಗ್ಗೆ ಇಬ್ಬನಿ ಇರುವ ತನಕ ಪಟ್ ನಿಧಾನ, ಬಿಸಿಲೇರಿ ಗ್ರೀನ್ ಒಣಗಿದ ಮೇಲೆ ಅದೇ ಜೋರು ಹೆಚ್ಚಾಗಿಬಿಡುತ್ತದೆ.

ಗಾಳಿಯ ವಿಷಯದಲ್ಲಿ ಒಂದೇ ಎಚ್ಚರಿಕೆ. ನಾಲ್ಕು ಎಳೆ ಹುಲ್ಲು ತೂರಿ ನೋಡಿದರೆ ತಿಳಿಯುವುದು ನಿಮ್ಮ ತಲೆಯ ಮಟ್ಟದ ಗಾಳಿ. ಕಣಿವೆಯ ಮರೆಯಲ್ಲಿರುವ ಟೀಯಲ್ಲಿ ಎಲೆ ಅಲ್ಲಾಡದಿದ್ದರೂ 25 ಯಾರ್ಡ್ ಮೇಲೆ ಆಷಾಢದ ಗಾಳಿ ಬೀಸುತ್ತಿರುತ್ತದೆ, ಚೆಂಡು ಹಾರುವುದು ಅಲ್ಲಿ. ನೀಲಗಿರಿ ಮರ, ಸಿಲ್ವರ್ ಓಕ್‌ಗಳ ತುದಿ ನೋಡಿ. ಎದುರುಗಾಳಿ ಕಸಿದುಕೊಳ್ಳುವಷ್ಟನ್ನು ಹಿಂಗಾಳಿ ಕೊಡುವುದಿಲ್ಲ, ಸ್ಥೂಲವಾಗಿ ಅದರ ಅರ್ಧ.

ಇನ್ನು ನಿಯಮ. ಬೆಟ್ಟದಲ್ಲಿ ಬೇಕಾಗುವ ನಿಯಮಗಳು ಕೆಲವೇ, ಆದರೆ ಅವು ಬಾಯಿಪಾಠ ಇರಬೇಕು. ಕೆಂಪು ಗೂಟದ ಒಳಗೆ ಹೋದ ಚೆಂಡಿಗೆ ಒಂದು ಪೆನಾಲ್ಟಿ. ಅದು ಕೊನೆಯದಾಗಿ ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದಂತೆ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಬೀಳಿಸಿ ಆಡಬಹುದು. ಕ್ಯಾಡಿಗಳು ಇಲ್ಲಿ ಕಿವಿಗೊಡಿ. ಚೆಂಡು ಕೊನೆಗೆ ಎಲ್ಲಿ ಮಾಯವಾಯಿತು ಅನ್ನುವುದಲ್ಲ, ಗೂಟದ ಗೆರೆಯನ್ನು ಎಲ್ಲಿ ದಾಟಿತು ಅನ್ನುವುದನ್ನು ಕಣ್ಣಿನಲ್ಲಿ ಗುರುತಿಟ್ಟುಕೊಳ್ಳಬೇಕು. ಅದಕ್ಕೇ ಮುಂದೆ ಹೋಗಿ ಚೆಂಡು ಬೀಳುವ ಜಾಗಕ್ಕೆ ಅಡ್ಡವಾಗಿ, ಅಂಚಿಗೆ ನೇರ ನಿಲ್ಲಬೇಕು. ಆಟಗಾರರ ಹಿಂದೆ ನಿಂತರೆ ಇದು ಕಾಣುವುದಿಲ್ಲ.

ಹುಟ್ಟುಬಂಡೆಯ ಮೇಲೆ ಚೆಂಡು ನಿಂತರೆ ಉಚಿತ ರಿಲೀಫ್ (ಪೆನಾಲ್ಟಿ ಇಲ್ಲದೆ ಚೆಂಡು ಸರಿಸುವ ಅವಕಾಶ) ಇಲ್ಲ, ಅದು ಮೈದಾನದ ಭಾಗ. ಕ್ಲಬ್ಬಿಗೂ ಮಣಿಕಟ್ಟಿಗೂ ಪೆಟ್ಟಾಗುವ ಬದಲು ಅನ್‌ಪ್ಲೇಯಬಲ್ (ಆಡಲಾಗದ ಚೆಂಡು) ಅನ್ನಿ, ಒಂದು ಪೆನಾಲ್ಟಿ ಹೋಗಲಿ. ಹೊಡೆದ ಜಾಗಕ್ಕೆ ವಾಪಸ್ ಹೋಗುವುದು, ಹೋಲ್ ಮತ್ತು ಚೆಂಡಿನ ನೇರದಲ್ಲಿ ಹಿಂದಕ್ಕೆ ಹೋಗುವುದು, ಎರಡು ಕ್ಲಬ್ ಉದ್ದ ಪಕ್ಕಕ್ಕೆ ಹೋಗುವುದು, ಇವು ಮೂರು ದಾರಿ. ಇಳಿಜಾರಿನಲ್ಲಿ ಮೂರನೆಯದು ಎಷ್ಟೋ ಸಲ ಮತ್ತೆ ಅದೇ ಬಂಡೆಸಾಲಿಗೇ ಬೀಳಿಸುತ್ತದೆ, ಎರಡನೆಯದನ್ನು ನೋಡಿ. ಡ್ರಾಪ್ ಮಂಡಿಯ ಎತ್ತರದಿಂದ. ಚೆಂಡು ರಿಲೀಫ್ ಜಾಗದಿಂದಾಚೆ ಉರುಳಿದರೆ ಇನ್ನೊಮ್ಮೆ ಡ್ರಾಪ್. ಆಗಲೂ ಉರುಳಿದರೆ ಎರಡನೆಯ ಸಲ ನೆಲ ಮುಟ್ಟಿದ ಜಾಗದಲ್ಲಿ ಇಡಬೇಕು. ಬೆಟ್ಟದ ಕೋರ್ಸಿನಲ್ಲಿ ಇದು ದಿನಕ್ಕೊಮ್ಮೆಯಾದರೂ ಬರುವ ಪ್ರಸಂಗ.

ಕಾಡಿನತ್ತ ಹೋದ ಚೆಂಡನ್ನು ಹುಡುಕಲು ಮೂರೇ ನಿಮಿಷ. ಹೊರಡುವ ಮುಂಚೆ ‘ಪ್ರೊವಿಷನಲ್ ಹೊಡೆಯುತ್ತಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿ, ಮೊದಲನೆಯದು ಸಿಗದಿದ್ದರೆ ಇರಲಿ ಅಂತ ಇನ್ನೊಂದು ಚೆಂಡು ಹೊಡೆದಿಡಿ. ಹೇಳದೆ ಹೊಡೆದರೆ ಆ ಎರಡನೆಯದೇ ಆಟದ ಚೆಂಡಾಗುತ್ತದೆ, ಮೊದಲನೆಯದು ಸಿಕ್ಕರೂ ಪ್ರಯೋಜನವಿಲ್ಲ. ಇದೆಲ್ಲ ಗೊತ್ತಿದ್ದೂ ಪ್ರೊವಿಷನಲ್ ಹೊಡೆಯದೆ ಏರು ಇಳಿದು ಹೋಗಿ ಮತ್ತೆ ಹತ್ತಿ ಬರುವವರನ್ನು ನೋಡಿದರೆ ಹಿಂದೆ ಕಾಯುವ ತಂಡಕ್ಕೆ ಸಿಟ್ಟು ಬರುವುದು ಸಹಜ.

ಗ್ರೀನಿನಲ್ಲಿ ಒಂದು ಜಾಣತನವಿದೆ. ಇಳುಕಲಿನಲ್ಲಿ ನಿಂತ ಚೆಂಡನ್ನು ಕೂಡಲೇ ಗುರುತಿಟ್ಟು, ಎತ್ತಿ, ವಾಪಸ್ ಇಡಿ. ಒಮ್ಮೆ ಎತ್ತಿ ಇಟ್ಟ ಚೆಂಡನ್ನು ಗಾಳಿ ಉರುಳಿಸಿದರೆ ಹಳೆಯ ಜಾಗದಲ್ಲೇ ಇಡಬೇಕು, ಪೆನಾಲ್ಟಿ ಇಲ್ಲ. ಎತ್ತದೇ ಬಿಟ್ಟ ಚೆಂಡು ಉರುಳಿ ಗ್ರೀನಿನಿಂದಾಚೆ ಹೋದರೆ ಅಲ್ಲಿಂದಲೇ ಆಡಬೇಕು.

ಖಾಸಗಿ ಕೋರ್ಸಿಗೆ ಹೋಗುವ ದಾರಿ ಸುಲಭವಲ್ಲ. ಸದಸ್ಯರ ಅತಿಥಿಯಾಗಿ, ಇಲ್ಲವೇ ನಿಮ್ಮ ಕ್ಲಬ್ಬಿಗೂ ಅವರಿಗೂ ಪರಸ್ಪರ ಒಪ್ಪಂದವಿದ್ದರೆ ಹೋಗಬಹುದು. ಗ್ರೀನ್ ಫೀ, ಕ್ಯಾಡಿ ಫೀ, ಬಗ್ಗಿ (ಗಾಲ್ಫ್ ಗಾಡಿ) ಬಾಡಿಗೆ ಬೇರೆಬೇರೆ, ಮೊದಲೇ ಕೇಳಿಕೊಳ್ಳಿ. ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಕೇಳುವ ಕಡೆಗಳಿವೆ. ಕಾಲರ್ ಇರುವ ಟೀ ಶರ್ಟ್ ಇರಲಿ, ಜೀನ್ಸ್ ಬೇಡ, ಮೆತ್ತನೆಯ ಸ್ಪೈಕ್ ಇರುವ ಶೂ ಇರಲಿ. ಸವೆದ ಸ್ಪೈಕ್ ಬದಲಾಯಿಸಿಕೊಂಡು ಹೋಗಿ, ಒದ್ದೆ ಇಳಿಜಾರಿನಲ್ಲಿ ಜಾರಿದರೆ ಆಟಕ್ಕಿಂತ ಮೊದಲು ಮಂಡಿ ಹೋಗುತ್ತದೆ. ಬಗ್ಗಿಯನ್ನು ಇಳಿಜಾರಿಗೆ ಅಡ್ಡಲಾಗಿ ಓಡಿಸಬೇಡಿ, ಮಗುಚುತ್ತದೆ. ನೇರ ಹತ್ತಿಸಿ, ನೇರ ಇಳಿಸಿ, ನಿಲ್ಲಿಸಿದಾಗ ಪಾರ್ಕಿಂಗ್ ಬ್ರೇಕ್ ಕಟಕ್ ಅನ್ನುವ ತನಕ ಒತ್ತಿ. ಹೊಸಬರು ಒಂದು ಡಜನ್ ಚೆಂಡು ಒಯ್ಯಿರಿ, ಹೊಚ್ಚ ಹೊಸ ದುಬಾರಿಯವು ಬೇಡ.

ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರ ಇಲ್ಲಿದೆ.

ಕೋತಿ ಚೆಂಡು ಎತ್ತಿಕೊಂಡು ಹೋದರೆ? ನಂದಿಬೆಟ್ಟದ ಊರಿನಲ್ಲಿ ಈ ಪ್ರಶ್ನೆ ಬಾರದಿದ್ದರೆ ಆಶ್ಚರ್ಯ. ನಿಂತಿದ್ದ ಚೆಂಡನ್ನು ಅದೇ ಎತ್ತಿದ್ದು ಅಂತ ಖಚಿತವಾಗಿ ಗೊತ್ತಿದ್ದರೆ ಪೆನಾಲ್ಟಿ ಇಲ್ಲದೆ ಮೊದಲಿದ್ದ ಜಾಗದಲ್ಲಿ ಇನ್ನೊಂದು ಚೆಂಡು ಇಡಬೇಕು. ‘ಕೋತಿಯೇ ಇರಬೇಕು’ ಅನ್ನುವ ಅನುಮಾನ ಸಾಲದು, ಆಗ ಅದು ಕಳೆದ ಚೆಂಡು. ಹಾವು ಅಥವಾ ಹೆಜ್ಜೇನಿನ ಹತ್ತಿರ ಚೆಂಡಿದ್ದರೆ ನಿಯಮ 16.2ರಂತೆ ಉಚಿತ ರಿಲೀಫ್ ಇದೆ.

ಗುಡುಗು ಬಂದರೆ? ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಮಳೆಯಲ್ಲಿ ಇದು ನಿಜವಾದ ಅಪಾಯ. ಸಿಡಿಲಿನ ಭಯ ಕಂಡರೆ ಯಾರ ಅಪ್ಪಣೆಗೂ ಕಾಯದೆ ಆಟ ನಿಲ್ಲಿಸುವ ಹಕ್ಕು ನಿಯಮದಲ್ಲೇ ಇದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಂದರೆ 10 ಕಿಲೋಮೀಟರ್ ದೂರ, ಅಷ್ಟಕ್ಕೇ ಹೊರಡಬೇಕು. ದಿಬ್ಬದ ನೆತ್ತಿ, ಒಂಟಿ ಮರ, ಬದಿ ತೆರೆದ ಬಗ್ಗಿ ಮೂರೂ ಬೇಡ. ಕಟ್ಟಡದೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಬನ್ನಿ.

ಇಳಿಜಾರಿನ ನಿಲುವನ್ನು ಅಭ್ಯಾಸ ಮಾಡುವುದೆಲ್ಲಿ, ಡ್ರೈವಿಂಗ್ ರೇಂಜ್ ಎಲ್ಲ ಸಮತಟ್ಟಾಗಿಯೇ ಇರುತ್ತದಲ್ಲ? ನಿಜ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕೆರೆ ಏರಿ ಇದೆ. ಕಲ್ಲು ಕಟ್ಟಿರದ, ಹುಲ್ಲಿರುವ ಹೊರಬದಿ ಹುಡುಕಿ, ಜನ ದನ ಓಡಾಡದ ಹೊತ್ತಿನಲ್ಲಿ ಹೋಗಿ. ಸ್ಪಂಜಿನ ಚೆಂಡು, ಒಂದು 9 ಐರನ್ ಸಾಕು. ಏರಿಯ ಗುಂಟ ಗುರಿಯಿಟ್ಟು ಚೆಂಡು ಪಾದಕ್ಕಿಂತ ಮೇಲಿರುವಂತೆ ಇಪ್ಪತ್ತು, ತಿರುಗಿ ನಿಂತು ಕೆಳಗಿರುವಂತೆ ಇಪ್ಪತ್ತು, ಆಮೇಲೆ ಏರು ಮತ್ತು ಇಳುಕಲಿಗೆ ಇಪ್ಪತ್ತಿಪ್ಪತ್ತು. ಎಲ್ಲವೂ ಅರ್ಧ ಸ್ವಿಂಗ್. ಪ್ರತಿ ಹೊಡೆತದ ನಂತರ ಎಣಿಸಿ ಮೂರು ಸೆಕೆಂಡ್ ಅಲ್ಲಾಡದೆ ನಿಲ್ಲಲು ಆಗುತ್ತದಾ ನೋಡಿ. ಆಗದಿದ್ದರೆ ಸ್ವಿಂಗ್ ಇನ್ನೂ ಚಿಕ್ಕದಾಗಬೇಕು.